ಕೊಟ್ಟಿಗೆಗೂ ಮುಯ್ಯಾಳು ಬೇಕು

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಯಾವ ಸಂಘದಲ್ಲೇ ಆಗಲಿ, ಬೆಳಗಿನ ಹಾಲು ಹಾಕುವ ಹೊತ್ತಿಗೆ ಅರ್ಧ ಗಂಟೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಎಲ್ಲಿಗೆ ಹೋಗೋದು ಮಾರಾಯ್ತಿ, ದನ ಬಿಟ್ಟು?" ತಂಗಿಯ ಮಗಳ ಮದುವೆಗೆ ಗಂಡ, ಮಕ್ಕಳೆಲ್ಲ ಹೋಗಿರುತ್ತಾರೆ. ಕೊಟ್ಟಿಗೆಯ ಒಡತಿ ಮಾತ್ರ ಧಾರೆ ಮುಗಿದ ಕೂಡಲೇ ಊಟಕ್ಕೂ ಕೂರದೆ ಬಸ್ಸು ಹಿಡಿದಿರುತ್ತಾಳೆ, ಸಂಜೆ ಹಾಲು ಕರೆಯಬೇಕಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಧರ್ಮಸ್ಥಳ, ಶಿರಸಿ ಜಾತ್ರೆ, ತವರುಮನೆ ಎಲ್ಲದಕ್ಕೂ ಬಸ್ಸಿನ ಖರ್ಚು ತಪ್ಪಿತು. ಆದರೆ ದನ ಸಾಕುವ ಹೆಂಗಸಿಗೆ ಟಿಕೆಟ್ಟಿನ ದುಡ್ಡು ಯಾವತ್ತೂ ದೊಡ್ಡ ಅಡ್ಡಿಯಾಗಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಚ್ಚಲ ಬುಡದಲ್ಲಿ ಕೂರುವ ಇನ್ನೊಂದು ಕೈ ಇಲ್ಲದ್ದೇ ಅಡ್ಡಿ. ಅದಕ್ಕೆ ಯಾವ ಸರ್ಕಾರವೂ ಉಚಿತ ಟಿಕೆಟ್ ಕೊಡಲಾರದು. ಅದನ್ನು ನಾವೇ, ನಮ್ಮ ಸಂಘಗಳೇ ಮಾಡಿಕೊಳ್ಳಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಹೋಗಬೇಕು. ಮಗಳ ಬಾಣಂತನಕ್ಕೆ ಹೋಗಬೇಕು, ಮಣಿಪಾಲದ ಆಸ್ಪತ್ರೆಗೆ ಹೋಗಬೇಕು, ಯಾವ ಕಾರಣವೂ ಇಲ್ಲದೆ ಅಕ್ಕತಂಗಿಯರ ಜೊತೆ ನಾಲ್ಕು ದಿನ ತಿರುಗಾಡಲಿಕ್ಕೂ ಹೋಗಬೇಕು. ಆದರೆ ಹೋಗುವ ಮುಂಚೆ ಮನೆಗೆ ಬೀಗ ಹಾಕುವಷ್ಟೇ ಎಚ್ಚರದಿಂದ ಕೊಟ್ಟಿಗೆಗೂ ಒಂದು ವ್ಯವಸ್ಥೆ ಮಾಡಬೇಕು. ನೀವು ಊರಲ್ಲಿಲ್ಲದಾಗ ಹಸು ಸತ್ತರೆ ಅದರ ಬೆನ್ನಿಗೇ ವಿಮೆಯ ಹಣವೂ ಕೈತಪ್ಪುವುದನ್ನು ನಾನು ಕಂಡಿದ್ದೇನೆ.

ಒಂದು ಮನೆಯಲ್ಲಿ ನಡೆದದ್ದು

ಊರು ಬೇಡ, ಹೆಸರೂ ಬೇಡ. ಮಗಳ ಹೆರಿಗೆಗೆಂದು ತಾಯಿ ಎಂಟು ದಿನದ ಮಟ್ಟಿಗೆ ಹೋದರು. ದನ ನೋಡಿಕೊಳ್ಳುವ ಕೆಲಸ ನಾದಿನಿಯದು. ಆಕೆ ಮನಸ್ಸಿಟ್ಟೇ ನೋಡಿಕೊಂಡಳು. ಪಕ್ಕದ ಮನೆಯ ಮದುವೆಯಲ್ಲಿ ಉಳಿದ ಅನ್ನವನ್ನು ಒಬ್ಬರು ಪ್ರೀತಿಯಿಂದ ಎರಡು ಬುಟ್ಟಿ ತಂದುಕೊಟ್ಟರು. ಅದನ್ನೂ ಹಾಕಿದಳು. ಅನ್ನ ಹಸುವಿನ ಹೊಟ್ಟೆಯಲ್ಲಿ ಬೇಗ ಹುಳಿಯಾಗುತ್ತದೆ. ಒಮ್ಮೆಲೇ ಹೆಚ್ಚು ತಿಂದರೆ ಆ ಹುಳಿ ರಕ್ತಕ್ಕೂ ಸೇರಿ, ಮೆಲುಕು ನಿಂತು, ಹಸು ನೆಲ ಹಿಡಿಯುತ್ತದೆ. ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಆಗುವುದೂ ಇದೇ. ಆ ಹಸು ರಾತ್ರಿ ಬಿದ್ದದ್ದು ಬೆಳಗಿನ ಜಾವಕ್ಕೆ ಸತ್ತುಹೋಯಿತು.

ಮಳೆಗಾಲ. ಊರವರು ಒಳ್ಳೆಯವರು. ಮನೆಯಲ್ಲಿ ಒಡತಿ ಇಲ್ಲ, ಪಾಪ, ನಾವೇ ಮಾಡೋಣ ಎಂದು ಒಂಬತ್ತು ಗಂಟೆಯೊಳಗೆ ಹೊಂಡ ತೆಗೆದು ಮಣ್ಣು ಮಾಡಿದರು. ಕಿವಿ ಓಲೆಯೂ ಮಣ್ಣಿನೊಳಗೆ ಹೋಯಿತು. ನನಗೆ ಫೋನು ಬಂದಿದ್ದು ಅದಾದ ಮೇಲೆ. ಮರಣೋತ್ತರ ಪರೀಕ್ಷೆ ಇಲ್ಲ, ಫೋಟೋ ಇಲ್ಲ, ಓಲೆ ಇಲ್ಲ. ಕಣ್ಣಿಂದ ನೋಡದ ಹಸುವಿಗೆ ಮರಣ ಪ್ರಮಾಣಪತ್ರ ಬರೆಯಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಕಟ್ಟಿತ್ತು. ಒಂದು ರೂಪಾಯಿಯೂ ಬರಲಿಲ್ಲ.

ಇಲ್ಲಿ ಯಾರನ್ನು ಬೈಯುವುದು? ನಾದಿನಿಯನ್ನಲ್ಲ, ಊರವರನ್ನಲ್ಲ. ವಿಮೆ ಇದೆ ಎನ್ನುವುದು ಒಬ್ಬರಿಗೆ ಮಾತ್ರ ಗೊತ್ತಿತ್ತು, ಆ ಒಬ್ಬರು ಊರಲ್ಲಿರಲಿಲ್ಲ. ಕಷ್ಟಕಾಲದಲ್ಲಿ ಮನೆಯಲ್ಲಿ ಯಾರಿದ್ದಾರೋ ಅವರ ಕೈಯಲ್ಲಿ ಕಾಗದವೂ ಇರಬೇಕು, ಅದರ ತಿಳಿವಳಿಕೆಯೂ ಇರಬೇಕು.

ಕಿವಿ ಓಲೆಯೇ ಹಸುವಿನ ಸಾಕ್ಷಿ

ಹಸುವಿನ ಕಿವಿಯಲ್ಲಿರುವ ಹಳದಿ ಓಲೆಯಲ್ಲಿ 12 ಅಂಕಿಗಳಿವೆ. ವಿಮೆ ಕಂಪನಿಗೆ ನಿಮ್ಮ ಗೌರಿಯೂ ಗೊತ್ತಿಲ್ಲ, ಲಕ್ಷ್ಮಿಯೂ ಗೊತ್ತಿಲ್ಲ. ಪಾಲಿಸಿಯಲ್ಲಿ ಬರೆದ ಓಲೆಯ ಸಂಖ್ಯೆ ಮಾತ್ರ ಗೊತ್ತು. ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ ಎನ್ನುವುದು ಜಾನುವಾರು ವಿಮೆಯ ಹಳೆಯ, ಗಟ್ಟಿ ನಿಯಮ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋಗಿದ್ದರೆ ನಾಳೆ ನೋಡೋಣ ಎನ್ನಬೇಡಿ. ಆಸ್ಪತ್ರೆಗೆ ತಿಳಿಸಿ ಹೊಸ ಓಲೆ ಹಾಕಿಸಿ, ಹೊಸ ಸಂಖ್ಯೆಯನ್ನು ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ. ಊರಿಗೆ ಹೊರಡುವ ಹಿಂದಿನ ದಿನ ಹಸುವಿನ ಕಿವಿ ಹಿಡಿದು ಓಲೆಯ ಅಂಕಿಗಳನ್ನೂ ಪಾಲಿಸಿಯ ಅಂಕಿಗಳನ್ನೂ ಒಂದೊಂದಾಗಿ ಹೋಲಿಸಿ ನೋಡಿ. ಐದು ನಿಮಿಷದ ಕೆಲಸ. ಓಲೆ ಕಾಣುವಂತೆ ಒಂದು ಫೋಟೋ, ಇಡೀ ಹಸು ಕಾಣುವಂತೆ ಇನ್ನೊಂದು ಫೋಟೋ ಮೊಬೈಲಿನಲ್ಲಿರಲಿ.

ಅದೇ ಹೊತ್ತಿಗೆ ಪಾಲಿಸಿಯ ಕೊನೆಯ ದಿನಾಂಕವನ್ನೂ ನೋಡಿ. ನೀವು ಹೊರಗಿದ್ದಾಗ ಅವಧಿ ಮುಗಿಯುವಂತಿದ್ದರೆ ಹೋಗುವ ಮುಂಚೆಯೇ ನವೀಕರಿಸಿ. ಒಮ್ಮೆ ಅವಧಿ ತಪ್ಪಿ ಹೊಸ ಪಾಲಿಸಿ ಮಾಡಿಸಿದರೆ ಸಾಮಾನ್ಯವಾಗಿ ಮೊದಲ 15 ದಿನದಲ್ಲಿ ಬಂದ ಕಾಯಿಲೆಯಿಂದ ಸತ್ತರೆ ಪರಿಹಾರವಿಲ್ಲ. ಕಾಲುಬಾಯಿ ರೋಗ, ಗಳಲೆ ರೋಗದಂಥವಕ್ಕೆ ಲಸಿಕೆ ಹಾಕಿಸಿದ ದಾಖಲೆಯನ್ನೂ ಕೇಳುತ್ತಾರೆ. ಲಸಿಕೆ ಹಾಕುವವರು ಮನೆಗೆ ಬಂದ ದಿನ "ಹಾಲು ಕಡಿಮೆಯಾಗುತ್ತದೆ" ಎಂದು ವಾಪಸು ಕಳಿಸಿದವರು ಇದನ್ನು ನೆನಪಿಡಬೇಕು. ಎರಡು ದಿನ ಕಡಿಮೆಯಾದ ಹಾಲು ಮತ್ತೆ ಬರುತ್ತದೆ.

ಏನಕ್ಕೆ ಹಣ ಬರುವುದಿಲ್ಲ ಎನ್ನುವುದೂ ಗೊತ್ತಿರಲಿ. ಕಾಯಿಲೆ, ಅಪಘಾತ, ಬೆಂಕಿ, ಸಿಡಿಲು, ನೆರೆಯಿಂದ ಸತ್ತರೆ ವಿಮೆ ಇದೆ. ಹಸು ಕಳುವಾದರೆ, ಕಾಣೆಯಾದರೆ ಸಾಮಾನ್ಯ ಜಾನುವಾರು ಪಾಲಿಸಿಯಲ್ಲಿ ಪರಿಹಾರವಿಲ್ಲ. ಬೇಕೆಂದೇ ನಿರ್ಲಕ್ಷ್ಯ ಮಾಡಿದರೂ ಇಲ್ಲ. ಹಾಗಾಗಿ ನೀವಿಲ್ಲದಾಗ ಹಸುವನ್ನು ರಾತ್ರಿ ಹೊರಗೆ ಬಿಡಿಸುವುದೇ ಬೇಡ. ಕಣ್ಣಿ ಕಟ್ಟಿ, ಕೊಟ್ಟಿಗೆಯ ಬಾಗಿಲು ಹಾಕಿ, ದೀಪ ಉರಿಯಲಿ. ಹಸುವನ್ನೇ ತವರಿಗೋ ಅಕ್ಕನ ಮನೆಗೋ ಸಾಗಿಸಿ ಹೋಗುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಜಾಗ ಬದಲಾದದ್ದನ್ನು ವಿಮೆ ಕಂಪನಿಗೆ ಮೊದಲೇ ತಿಳಿಸಿ.

ವಿಮೆ ಇನ್ನೂ ಮಾಡಿಸದವರಿಗೆ ಒಂದು ಮಾತು. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ 2024ರಲ್ಲಿ ಕೇಂದ್ರ ಸರ್ಕಾರ ರೈತರ ಪಾಲನ್ನು ಶೇ. 15ಕ್ಕೆ ಇಳಿಸಿತು. ಪ್ರೀಮಿಯಂ 100 ರೂಪಾಯಿ ಎಂದಾದರೆ ನಿಮ್ಮ ಕೈಯಿಂದ 15 ರೂಪಾಯಿ, ಉಳಿದದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು. ನೆರೆ ಬಂದರೆ ಸರ್ಕಾರವೇ ಕೊಡುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರಕೃತಿ ವಿಕೋಪದಲ್ಲಿ ಹಾಲು ಕರೆಯುವ ಹಸು, ಎಮ್ಮೆ ಸತ್ತರೆ ವಿಕೋಪ ಪರಿಹಾರ ನಿಧಿಯ ಈಗಿನ ದರ 37,500 ರೂಪಾಯಿ. ಆ ದುಡ್ಡಿಗೆ ದಿನಕ್ಕೆ ಹತ್ತು ಲೀಟರ್ ಕೊಡುವ ಮಿಶ್ರತಳಿ ಆಕಳು ಸಿಗುತ್ತದೆಯೇ ನೀವೇ ಹೇಳಿ. ಅದೂ ಹೊಟ್ಟೆ ಉಬ್ಬರಕ್ಕೆ, ಹಾವು ಕಚ್ಚಿದ್ದಕ್ಕೆ ಆ ನಿಧಿ ಬರುವುದಿಲ್ಲ.

ಪಾಲಿಸಿ ಯಾರ ಹೆಸರಲ್ಲಿ?

ಸಂಘದ ಸದಸ್ಯತ್ವ ಹೆಂಡತಿಯ ಹೆಸರಲ್ಲಿ, ಹಾಲಿನ ದುಡ್ಡು ಹೆಂಡತಿಯ ಖಾತೆಗೆ, ಸೆಗಣಿ ಬಾಚುವುದು ಹೆಂಡತಿ. ಪಾಲಿಸಿ ಮಾತ್ರ ಗಂಡನ ಹೆಸರಲ್ಲಿ, ಅದರ ಕಾಗದ ಗಂಡನ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹಳ್ಳಿಗಳಿಗೆ ಹೋದಾಗ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಗಂಡಸರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಹಸು ಯಾರ ಕೈಯಲ್ಲಿ ಬದುಕುತ್ತದೋ ಪಾಲಿಸಿಯೂ ಅವರ ಹೆಸರಲ್ಲಿ ಇದ್ದರೆ ಎಲ್ಲರಿಗೂ ಅನುಕೂಲ. ಸಂಘದ ಪುಸ್ತಕ, ಬ್ಯಾಂಕ್ ಖಾತೆ, ಓಲೆಯ ನೋಂದಣಿ, ಪಾಲಿಸಿ ನಾಲ್ಕರಲ್ಲೂ ಒಂದೇ ಹೆಸರಿದ್ದರೆ ಪರಿಹಾರಕ್ಕೆ ಓಡಾಟ ಅರ್ಧ ಕಡಿಮೆ. ಮುಂದಿನ ನವೀಕರಣದ ಹೊತ್ತಿಗೆ ಇದನ್ನು ಸರಿಮಾಡಿಸಿಕೊಳ್ಳಿ.

ನಿಮ್ಮ ಸ್ವಂತ ವಿಮೆಯನ್ನೂ ಮರೆಯಬೇಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಅದರ ವರ್ಷ ಜೂನ್ 1ರಿಂದ ಮೇ 31. ಹಣ ತಾನಾಗಿ ಖಾತೆಯಿಂದ ಕಡಿತವಾಗುತ್ತದೆ. ಆದರೆ ಖಾತೆಯಲ್ಲಿ ದುಡ್ಡೇ ಇಲ್ಲದಿದ್ದರೆ ಕಡಿತವಾಗುವುದಿಲ್ಲ, ವಿಮೆಯೂ ಇರುವುದಿಲ್ಲ. ಹಾಲಿನ ಬಟವಾಡೆ ಬಂದ ದಿನವೇ ಪೂರ್ತಿ ತೆಗೆದುಬಿಡುವವರು ಮೇ ತಿಂಗಳಲ್ಲಿ ನೂರು ರೂಪಾಯಿಯನ್ನಾದರೂ ಬಿಡಿ.

ಮನೆಯ ಮಾತು

ನಮ್ಮ ಮೂರೂ ತಾಲೂಕುಗಳಲ್ಲಿ ಮಳೆಗಾಲವೆಂದರೆ ಧರೆಯ ಭಯ. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಪಕ್ಕದ ಅಂಕೋಲೆಯ ಶಿರೂರಿನಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಲಿಂಗನಮಕ್ಕಿ ತುಂಬಿ ನೀರು ಬಿಟ್ಟರೆ ಗೇರುಸೊಪ್ಪೆಯಿಂದ ಕೆಳಗೆ ಶರಾವತಿಯ ದಂಡೆಯವರಿಗೆ ನಿದ್ದೆಯಿಲ್ಲ. ಅಘನಾಶಿನಿಯ ಆಚೀಚೆಯವರ ಪಾಡೂ ಅದೇ. ಜುಲೈ, ಆಗಸ್ಟ್‌ನಲ್ಲಿ ಹೊರಡುವುದು ಅನಿವಾರ್ಯವಾದರೆ ಕೊಟ್ಟಿಗೆ ಧರೆಯ ಬುಡದಲ್ಲಿದೆಯೇ, ಹೊಳೆಯ ಅಂಚಿನಲ್ಲಿದೆಯೇ ನೋಡಿ. ಇದ್ದರೆ ನೀರು ಏರಿದಾಗ ಹಸುವನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು ಎನ್ನುವುದನ್ನು ನೋಡಿಕೊಳ್ಳುವವರಿಗೆ ಜಾಗ ತೋರಿಸಿಯೇ ಹೇಳಿ. ಹಗ್ಗ ಬಿಚ್ಚಿ ಬಿಟ್ಟರೂ ಸಾಕು, ಎಷ್ಟೋ ಸಲ ಹಸು ತಾನೇ ಎತ್ತರದ ಜಾಗ ಹುಡುಕಿಕೊಳ್ಳುತ್ತದೆ. ಕಟ್ಟಿದಲ್ಲೇ ಇದ್ದರೆ ಅದಕ್ಕೆ ದಾರಿಯಿಲ್ಲ.

ಮನೆಗೆ ವಿಮೆ ಮಾಡಿಸುವ ರೂಢಿ ನಮ್ಮಲ್ಲಿ ಕಡಿಮೆ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎನ್ನುವ ಒಂದೇ ನಮೂನೆಯ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಎಲ್ಲವೂ ಅದರಲ್ಲಿವೆ. ಮನೆಯ ಕಟ್ಟಡಕ್ಕೆ ಮಾಡಿಸಿದರೆ ವಿಮೆ ಮೊತ್ತದ ಶೇ. 20ರಷ್ಟು ಮನೆಯ ಸಾಮಾನಿಗೂ ತಾನಾಗಿ ಸೇರುತ್ತದೆ, ಗರಿಷ್ಠ 10 ಲಕ್ಷದವರೆಗೆ. ಆದರೆ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಒಂದು, ಬಂಗಾರ ಅದರಲ್ಲಿ ತಾನಾಗಿ ಸೇರುವುದಿಲ್ಲ. ಬರೀ ಬೀಗ ಒಡೆದು ಮಾಡಿದ ಕಳ್ಳತನಕ್ಕೆ ಬೇರೆ ವಿಮೆ ಬೇಕು. ಎರಡು, ಹಸು ಅದರಲ್ಲಿ ಇಲ್ಲ. ಕೊಟ್ಟಿಗೆಯೂ ಇದೆ ಎಂದುಕೊಳ್ಳದೆ ಬರೆಸಿ. ಮೂರು, ಮನೆ 30 ದಿನಕ್ಕಿಂತ ಹೆಚ್ಚು ಕಾಲ ಸತತ ಖಾಲಿ ಬಿದ್ದರೆ ಕಂಪನಿಗೆ ತಿಳಿಸಬೇಕು ಎನ್ನುವುದು ಬೆಂಕಿ ವಿಮೆಯ ಹಳೆಯ ಷರತ್ತು. ಮುಂಬೈಯಲ್ಲಿ, ದುಬೈಯಲ್ಲಿ ಮಕ್ಕಳಿರುವವರು ತಿಂಗಳುಗಟ್ಟಲೆ ಹೋಗುವಾಗ ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಓದಿಸಿ ಕೇಳಿ.

ಬಂಗಾರ ಬ್ಯಾಂಕಿನಲ್ಲಿರಲಿ. ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ. ಬೀಟ್ ಪೊಲೀಸರಿಗೆ ಒಂದು ಮಾತು ಹೇಳಿ ಹೋಗಿ. ಬಸ್ಸು ಹತ್ತಿದ ಫೋಟೋವನ್ನು ಸ್ಟೇಟಸ್‌ಗೆ ಹಾಕುವ ಆಸೆಯನ್ನು ವಾಪಸು ಬರುವ ತನಕ ತಡೆದುಕೊಳ್ಳಿ. ಕೊಟ್ಟಿಗೆಯ ಹಳೆಯ ವಯರು, ಫ್ಯಾನು, ಬಲ್ಬುಗಳನ್ನು ಹೊರಡುವ ಮುಂಚೆ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒಣ ಕರಡದ ಅಟ್ಟದ ಕೆಳಗೆ ಕಿಡಿ ಬಿದ್ದರೆ ಉಳಿಯುವುದು ಕಷ್ಟ.

ಬದಲಿ ಕೈಗೆ ಹೇಳಬೇಕಾದದ್ದು

ಹೋಗುವ ದಿನ ಗೊತ್ತು ಮಾಡುವಾಗ ಪಂಚಾಂಗದ ಜೊತೆ ಹಸುವಿನ ದಿನವನ್ನೂ ನೋಡಿ. ಹಾಲು ಬತ್ತಿಸಿದ ಎರಡು ತಿಂಗಳು ಹೊರಡಲು ಒಳ್ಳೆಯ ಕಾಲ. ಕರು ಹಾಕುವ ಹಿಂದು ಮುಂದಿನ ಹತ್ತು ಹದಿನೈದು ದಿನ ಬೇಡ. ಹೆಚ್ಚು ಹಾಲಿನ ಹಸುವಿಗೆ ಕ್ಯಾಲ್ಸಿಯಂ ಕಡಿಮೆಯಾಗಿ ಬೀಳುವ ಹಾಲು ಜ್ವರ ಬರುವುದು ಬಹುಪಾಲು ಕರು ಹಾಕಿದ ಮೂರು ದಿನದೊಳಗೆ. ಅದು ಗಂಟೆಗಳ ಆಟ. ಹೊಸಬರಿಗೆ ಗುರುತು ಸಿಗುವುದಿಲ್ಲ.

ನೋಡಿಕೊಳ್ಳುವವರು ನೀವು ಹೊರಡುವ ಎರಡು ದಿನ ಮುಂಚೆಯೇ ಬಂದು ನಿಮ್ಮ ಪಕ್ಕದಲ್ಲಿ ಕೂತು ಹಾಲು ಕರೆಯಲಿ. ಹಸು ಕೈ ಗುರುತಿಸುತ್ತದೆ. ಹೊಸ ಕೈಗೆ ಸೊರೆ ಬಿಡದೆ ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವು ಬರುತ್ತದೆ. ಹಿಂಡಿ ಎಷ್ಟು ಎನ್ನುವುದನ್ನು ಬಾಯಲ್ಲಿ ಹೇಳಬೇಡಿ, ಅಳೆಯುವ ಡಬ್ಬಿಯನ್ನೇ ಕೊಡಿ. ಹೊಸ ಹಿಂಡಿ ಬೇಡ, ಮದುವೆಮನೆಯ ಅನ್ನ ಬೇಡ, ಹಲಸಿನ ಹಣ್ಣು ಬೇಡ. ಅಕ್ಕಚ್ಚು ಎಂದಿನಷ್ಟೇ.

ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಇಷ್ಟು ಬರೆದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ: ಪಶು ಆಸ್ಪತ್ರೆಯ ವೈದ್ಯರ ನಂಬರು, ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962, ಸಂಘದ ಕಾರ್ಯದರ್ಶಿಯ ನಂಬರು, ಹಸುವಿನ ಓಲೆಯ ಸಂಖ್ಯೆ, ಪಾಲಿಸಿ ಸಂಖ್ಯೆ, ವಿಮೆ ಕಂಪನಿಯ ನಂಬರು. ಅದರ ಕೆಳಗೆ ಒಂದು ಸಾಲು: "ಹಸು ಮೆಲುಕು ಹಾಕದಿದ್ದರೆ ಕಾಯಬೇಡಿ, ಫೋನ್ ಮಾಡಿ. ಸತ್ತರೆ ವೈದ್ಯರು ಬರುವ ತನಕ ಮಣ್ಣು ಮಾಡಬೇಡಿ, ಓಲೆ ತೆಗೆಯಬೇಡಿ." ಈ ಒಂದು ಸಾಲು ಆ ತಾಯಿಯ ಕೊಟ್ಟಿಗೆಯಲ್ಲಿ ಇದ್ದಿದ್ದರೆ ಹಸು ಉಳಿಯುತ್ತಿತ್ತೋ ಏನೋ ಹೇಳಲಾರೆ. ಹಣ ಸಿಗುವ ದಾರಿಯಂತೂ ತೆರೆದಿರುತ್ತಿತ್ತು. ನಮ್ಮ ಸೆಕೆಗೆ ಕಳೇಬರ ಬೇಗ ಕೆಡುತ್ತದೆ. ಹಾಗಾಗಿ ಫೋನು ಸಹ ಬೇಗ ಆಗಬೇಕು. ಪರೀಕ್ಷೆ ಮುಗಿದ ಮೇಲೆ ಓಲೆ, ಫೋಟೋ, ವರದಿ ಮೂರನ್ನೂ ಜೋಪಾನ ಮಾಡಿ, ಅದೇ ದಿನ ಕಂಪನಿಗೆ ತಿಳಿಸಿ, ಆಮೇಲೆ ಸುಣ್ಣ ಉಪ್ಪು ಹಾಕಿ ಆಳವಾಗಿ ಹೂಳಿ.

ಸಂಘ ಮಾಡಬಹುದಾದದ್ದು

ನೆಟ್ಟಿಯ ಕಾಲಕ್ಕೆ ಮುಯ್ಯಾಳು ಮಾಡಿದ ಊರು ನಮ್ಮದು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ಆ ಲೆಕ್ಕ ಯಾರೂ ತಪ್ಪಿಸುತ್ತಿರಲಿಲ್ಲ. ಅದೇ ಲೆಕ್ಕವನ್ನು ಕೊಟ್ಟಿಗೆಗೆ ಯಾಕೆ ತರಬಾರದು? ಒಂದು ಮಹಿಳಾ ಸಂಘದಲ್ಲಿ ಹತ್ತಿರ ಹತ್ತಿರದ ಮನೆಯ ನಾಲ್ಕು ನಾಲ್ಕು ಸದಸ್ಯೆಯರ ಗುಂಪು. ಒಬ್ಬಳು ಹೊರಟರೆ ಉಳಿದ ಮೂವರು ಸರದಿಯಲ್ಲಿ ಆ ಹಸು ಕರೆದು, ಅವಳ ಹೆಸರಲ್ಲೇ ಹಾಲು ಹಾಕುವುದು. ಎಷ್ಟು ಹೊತ್ತು ಕರೆದರು ಎನ್ನುವುದು ಸಂಘದ ಒಂದು ಪುಸ್ತಕದಲ್ಲಿ. ಅದೇ ಪುಸ್ತಕದಲ್ಲಿ ಪ್ರತಿ ಸದಸ್ಯೆಯ ಓಲೆ ಸಂಖ್ಯೆ, ಪಾಲಿಸಿ ಸಂಖ್ಯೆ, ಕೊನೆಯ ದಿನಾಂಕ. ಅವಧಿ ಮುಗಿಯುವ ತಿಂಗಳ ಮುಂಚೆ ಕಾರ್ಯದರ್ಶಿ ಹಾಲು ಹಾಕುವಾಗಲೇ ನೆನಪಿಸಿದರೆ ಸಾಕು.

"ಬೇರೆಯವರು ಕರೆದರೆ ಹಾಲು ಕಡಿಮೆಯಾಗುತ್ತದೆ, ನೀರು ಹಾಕಿದರೆ ಯಾರು ಹೊಣೆ, ಕಾಯಿಲೆ ಬಂದರೆ ಜಗಳ" ಎನ್ನುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಎರಡು ದಿನ ಒಂದು ಲೀಟರ್ ಕಡಿಮೆಯಾಗಬಹುದು. ಜಗಳವೂ ಆಗಬಹುದು. ಅದಕ್ಕೇ ಬಾಯಿಮಾತಿಗೆ ಬದಲು ಪುಸ್ತಕ ಇರಲಿ ಎನ್ನುವುದು. ಸಂಘದಲ್ಲಿ ಎಲ್ಲರ ಹಾಲಿಗೂ ಡಿಗ್ರಿ, ಫ್ಯಾಟು ನೋಡಿ ಬರೆಯುತ್ತೇವೆ. ಯಾರ ಮೇಲೋ ಅನುಮಾನ ಎಂದಲ್ಲ, ಅನುಮಾನಕ್ಕೆ ಜಾಗ ಇರದಿರಲಿ ಎಂದು. ಇದೂ ಹಾಗೆಯೇ. ಇನ್ನು ಕೆಲವರಿಗೆ ದುಡ್ಡು ಕೊಟ್ಟು ಮಾಡಿಸುವುದೇ ಸರಿ ಎನಿಸಬಹುದು. ಊರಲ್ಲಿ ಹಾಲು ಕರೆಯಲು ಬರುವ, ಸ್ವಂತ ಹಸು ಇಲ್ಲದ ಹೆಂಗಸರಿದ್ದಾರೆ. ಅವರಿಗೆ ಹೊತ್ತಿಗೆ ಇಷ್ಟು ಎಂದು ಸಂಘವೇ ದರ ಗೊತ್ತು ಮಾಡಿ, ಹಾಲಿನ ಬಿಲ್ಲಿನಲ್ಲಿ ಮುರಿದುಕೊಂಡು ಕೊಡಬಹುದು. ಯಾವುದಾದರೂ ಆಗಲಿ, ಒಂದು ಆಗಲಿ.

ಹೈನುಗಾರಿಕೆಗೆ ಹೊಸ ಹುಡುಗಿಯರು ಬರುತ್ತಿಲ್ಲ ಎಂದು ಎಲ್ಲ ಸಭೆಯಲ್ಲೂ ಕೊರಗುತ್ತೇವೆ. ವರ್ಷದ 365 ದಿನವೂ ರಜೆ ಇಲ್ಲದ ಕೆಲಸಕ್ಕೆ ಅವರು ಯಾಕೆ ಬರಬೇಕು? ಹಾಲಿನ ದರ ಒಂದೆರಡು ರೂಪಾಯಿ ಏರಿದರೆ ಒಳ್ಳೆಯದೇ. ಆದರೆ ಅಮ್ಮ ಜ್ವರ ಬಂದಾಗಲೂ ಕೊಟ್ಟಿಗೆಗೆ ಹೋಗುವುದನ್ನು ಕಂಡು ಬೆಳೆದ ಮಗಳನ್ನು ಆ ಎರಡು ರೂಪಾಯಿ ಹಿಡಿದು ನಿಲ್ಲಿಸುವುದಿಲ್ಲ. ಅಮ್ಮ ನಾಲ್ಕು ದಿನ ನೆಮ್ಮದಿಯಾಗಿ ತವರಿಗೆ ಹೋಗಿ ಬಂದದ್ದನ್ನು ಕಂಡರೆ ನಿಲ್ಲಬಹುದು.

ನಿಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲು ಈಗಲೇ ಅರ್ಜಿ ಕೊಡಿ. ಓಲೆ, ಪಾಲಿಸಿಯ ಬಗ್ಗೆ ಹೇಳಲು ಕರೆದರೆ ನಾನು ಬರುತ್ತೇನೆ. ಸಂಜೆ ಹಾಲು ಕರೆದಾದ ಮೇಲೆ ಇಟ್ಟುಕೊಳ್ಳಿ, ಎಲ್ಲರೂ ಬರಬಹುದು.